ಹಿತ್ತಿಲು ಮತ್ತು ಹೊಲ: ತಂಗಡಿಯ ಗಿಡ

ಹಣ ಕೊಟ್ಟು ತಂದ ಸಸಿಗೆ ಪಾತಿ ಮಾಡಿ, ಬೇಲಿ ಕಟ್ಟಿ, ಹೊತ್ತುಹೊತ್ತಿಗೆ ನೀರೆರೆಯುವುದು ಗೃಹಸ್ಥರ ವಾಡಿಕೆ. ತಾನಾಗಿ ಹುಟ್ಟಿ ತಾನಾಗಿ ಬೆಳೆದ ಗಿಡವನ್ನು ಕಂಡರೆ, ಅದು ಇದ್ದೇ ಇರುವುದೆಂದು ನಂಬಿ ಸುಮ್ಮನಾಗುವುದೂ ವಾಡಿಕೆಯೇ. ಈ ತಿಂಗಳು ಅಂಥದೊಂದು ಗಿಡದ ವಿಚಾರವನ್ನು ವಾಚಕರ ಮುಂದಿಡುವೆವು. ಅದರ ಹೆಸರು ತಂಗಡಿ. ಕೆಲವು ಕಡೆ ತಂಗಟೆಯೆಂದೂ, ಆವರಿಕೆಯೆಂದೂ, ಹೂವಿನ ಬಣ್ಣವನ್ನು ಕಂಡು ಹೊನ್ನಾವರಿಕೆಯೆಂದೂ ಅದನ್ನು ಕರೆಯುವರು. ಕೋಲಾರ, ತುಮಕೂರು, ಚಿತ್ರದುರ್ಗ, ಬಳ್ಳಾರಿಯ ಕಡೆಯವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೆರೆಯ ಏರಿ, ಹೊಲದ ಬದು, ಗುಡ್ಡದ ಇಳಿಜಾರು, ಹಾದಿಯ ಅಂಚು, ಇವೇ ಅದರ ನೆಲೆ. ಈ ಗಿಡವನ್ನು ಯಾರೂ ಬಿತ್ತುವುದಿಲ್ಲ. ಇನ್ನು ಮುಂದೆ ಬಿತ್ತಬೇಕೆಂಬುದೇ ನಮ್ಮ ಸೂಚನೆ. ಅದಕ್ಕೆ ಕಾರಣಗಳನ್ನು ಒಂದೊಂದಾಗಿ ಹೇಳುವೆವು.

ಮೊದಲು ಗಿಡದ ಗುರುತು. ತಂಗಡಿಯು ಆಳೆತ್ತರಕ್ಕೆ, ಕೆಲವೊಮ್ಮೆ ಅದಕ್ಕೂ ಸ್ವಲ್ಪ ಮೇಲೆ ಬೆಳೆಯುವ, ಬುಡದಿಂದಲೇ ಕವಲೊಡೆಯುವ ಪೊದೆ. ತೊಗಟೆ ನಸುಗೆಂಪು ಬೆರೆತ ಕಂದು ಬಣ್ಣದ್ದು. ಒಂದೊಂದು ಎಲೆಯ ಕಡ್ಡಿಯಲ್ಲಿಯೂ ಎಂಟರಿಂದ ಹನ್ನೆರಡು ಜೊತೆ ಕಿರಿಯೆಲೆಗಳು ಎದುರುಬದುರಾಗಿ ನಿಂತಿರುವುವು. ಅವುಗಳ ತುದಿ ಮೊಂಡು. ಎಲೆಯ ಕಡ್ಡಿಯು ಕೊಂಬೆಗೆ ಸೇರುವೆಡೆಯಲ್ಲಿ ಕಿವಿಯಾಕಾರದ ಹಸುರು ಎಲೆಗಳೆರಡು ಅಗಲವಾಗಿ ಅಂಟಿಕೊಂಡಿರುವುವು. ಈ ಕಿವಿಯೇ ಗಿಡದ ನಿಶ್ಚಿತವಾದ ಗುರುತು. ಸಸ್ಯಶಾಸ್ತ್ರಜ್ಞನಾದ ಲಿನ್ನೇಯಸನು 1753ರಲ್ಲಿ ಇದನ್ನು ಕ್ಯಾಸಿಯ ಆರಿಕ್ಯುಲೇಟ ಎಂದು ಕರೆದಾಗ, ಆ ಎರಡನೆಯ ಹೆಸರಿಗೆ 'ಕಿವಿಯುಳ್ಳದ್ದು' ಎಂದೇ ಅರ್ಥ. ಈಗಿನ ಶಾಸ್ತ್ರಗ್ರಂಥಗಳಲ್ಲಿ ಇದು ಸೆನ್ನ ಆರಿಕ್ಯುಲೇಟ ಎಂದಾಗಿದೆ. ತಮಿಳರು ಇದನ್ನು ಆವಾರೈ ಎಂದೂ, ತೆಲುಗರು ತಂಗೇಡು ಎಂದೂ, ಮರಾಠಿಗರು ತರವಡ ಎಂದೂ ಕರೆಯುವರು. ಸಂಸ್ಕೃತದಲ್ಲಿ ಆವರ್ತಕೀ ಎಂದು ಹೆಸರು.

ಅವರೆ, ತೊಗರಿ, ಹುರುಳಿಗಳ ದೊಡ್ಡ ಕುಲಕ್ಕೆ ತಂಗಡಿಯೂ ಸೇರಿದೆ. ಆದರೆ ಅವುಗಳ ಹೂವು ಚಿಟ್ಟೆಯ ರೆಕ್ಕೆಯಂತೆ ಕಾಣುವುದು. ತಂಗಡಿಯ ಹೂವು ಐದು ಹಳದಿ ದಳಗಳನ್ನು ಬಿಚ್ಚಿ ಬಟ್ಟಲಿನಂತೆ ತೆರೆದಿರುವುದು. ಕಾಯಿ ಚಪ್ಪಟೆ, ಒಣಗಿದಾಗ ಕಾಗದದಂತೆ ತೆಳುವು. ಈ ಹೂವಿನಲ್ಲಿ ಜೇನು ಇಲ್ಲ. ಇರುವುದು ಪರಾಗ ಮಾತ್ರ. ಆ ಪರಾಗವೂ ಕೇಸರದ ತುದಿಯ ಸಣ್ಣ ರಂಧ್ರದೊಳಗೆ ಅಡಗಿರುವುದು. ದೊಡ್ಡ ಕರಿಯ ದುಂಬಿಯೊಂದು ಬಂದು ಕೇಸರವನ್ನು ತಬ್ಬಿ, ಮೈಯನ್ನು ಕಂಪಿಸಿ ಗುಂಯ್‌ಗುಟ್ಟಿದರೆ ಪರಾಗವು ಹೊರಕ್ಕೆ ಸಿಡಿಯುವುದು. ಬೆಳಗಿನ ಹೊತ್ತು ಗಿಡದ ಬಳಿ ಸ್ವಲ್ಪ ಕಾಲ ನಿಂತರೆ ಮಕ್ಕಳಿಗೆ ಈ ವಿನೋದವನ್ನು ಕಣ್ಣಾರೆ ತೋರಿಸಬಹುದು. ಹಳದಿ ಮತ್ತು ನಸುಹಸುರು ಬಣ್ಣದ ಕೆಲವು ಚಿಟ್ಟೆಗಳ ಮರಿಹುಳುಗಳಿಗೆ ತಂಗಡಿಯ ಜಾತಿಯ ಗಿಡಗಳ ಎಲೆಯೇ ಆಹಾರ.

ಗುರುತಿನ ಮಾತನ್ನು ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ತಂಗಡಿಗೆ ಹಳದಿ ಹೂವಿನ ನಂಟರು ಬಹಳ. ಅವರೆಲ್ಲರೂ ಒಂದೇ ಸ್ವಭಾವದವರಲ್ಲ. ಹಾದಿಯ ಬದಿಯಲ್ಲಿಯೂ ಪಾಳುಬಿದ್ದ ಹಿತ್ತಿಲಿನಲ್ಲಿಯೂ ಮಳೆಗಾಲದಲ್ಲಿ ಏಳುವ ದೊಡ್ಡ ತಗಚೆಯು ಅಂಥ ಒಂದು ನಂಟು. ಅದರ ಕಿರಿಯೆಲೆಗಳು ನಾಲ್ಕೈದು ಜೊತೆ ಮಾತ್ರ; ತುದಿ ಚೂಪು; ಹಿಸುಕಿದರೆ ದುರ್ವಾಸನೆ; ಬುಡದಲ್ಲಿ ಆ ಅಗಲವಾದ ಕಿವಿಯಿಲ್ಲ. ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ವರ್ಷವರ್ಷವೂ ಚಳಿಗಾಲದ ಆರಂಭದಲ್ಲಿ ಎಳೆಯ ಮಕ್ಕಳು ಪ್ರಜ್ಞೆ ತಪ್ಪಿ ಸಾಯುತ್ತಿದ್ದರು. ಇದು ಮಿದುಳಿನ ಜ್ವರವೆಂದು ಬಹುಕಾಲ ತಿಳಿಯಲಾಗಿತ್ತು. ಮಕ್ಕಳು ಆಟದಲ್ಲಿ ದೊಡ್ಡ ತಗಚೆಯ ಬೀಜವನ್ನು ತಿಂದುದೇ ಇದಕ್ಕೆ ಕಾರಣವೆಂದು ವೈದ್ಯರು 2007ರಲ್ಲಿ ಪ್ರಕಟಿಸಿದರು. ಆದುದರಿಂದ ಹಳದಿ ಹೂವುಳ್ಳ ಕಾಡುಗಿಡವೆಲ್ಲ ಔಷಧಿಯೆಂದು ನಂಬತಕ್ಕದ್ದಲ್ಲ. ಗಿಡವನ್ನು ಗುರುತಿಸಲಾರದವರು ಅದರ ಎಲೆ ಬೀಜಗಳನ್ನು ಮನೆಯೊಳಕ್ಕೆ ತರಲೇಬಾರದು. ಮಕ್ಕಳು ಆಡುವೆಡೆಯಲ್ಲಿ ತಗಚೆ ಎದ್ದಿದ್ದರೆ ಕಾಯಿ ಬಲಿಯುವ ಮೊದಲೇ ಕಿತ್ತುಹಾಕುವುದು ಕ್ಷೇಮ.

ಇನ್ನು ತಂಗಡಿಯ ಗಟ್ಟಿತನ. ಮಳೆ ಕಡಮೆಯಾದ ವರ್ಷವೂ ಈ ಗಿಡ ಹಸುರಾಗಿರುವುದನ್ನು ವಾಚಕರು ನೋಡಿರಬಹುದು. ತಾಯಿಬೇರು ಕಲ್ಲುಮಣ್ಣಿನ ಸಂದುಗಳಲ್ಲಿ ಆಳಕ್ಕಿಳಿದು ತೇವವನ್ನು ಹುಡುಕುವುದು. ಎಲೆಯ ರುಚಿ ಒಗರು ಮತ್ತು ಕಹಿ; ಆದುದರಿಂದ ದನಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಬೇರೆ ಸೊಪ್ಪೆಲ್ಲ ಮೇಯಲ್ಪಟ್ಟು ಬೋಳಾದ ಗೋಮಾಳದಲ್ಲಿ ತಂಗಡಿಯೊಂದೇ ಉಳಿದುಕೊಳ್ಳುವುದಕ್ಕೆ ಇದೇ ಕಾರಣ. ಅದು ನಿಂತ ಕಡೆ ಮಳೆಯ ನೀರು ತಡೆಯುವುದು, ಮಣ್ಣು ಕೊಚ್ಚಿಹೋಗದೆ ನಿಲ್ಲುವುದು, ಪೊದೆಯ ನೆರಳಿನಲ್ಲಿ ಹುಲ್ಲು ಮತ್ತೆ ತಲೆಯೆತ್ತುವುದು. ಕಡಿದರೆ ಬುಡದಿಂದ ಮತ್ತೆ ಚಿಗುರುವುದು.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕಾಗಿದೆ. ಅವರೆಯ ಕುಲದ ಗಿಡಗಳು ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಭೂಮಿಗೆ ಸಾರವನ್ನು ಕೂಡಿಸುವುವೆಂದು ನಾವೆಲ್ಲರೂ ಓದಿರುವೆವು. ತೊಗರಿ, ಹುರುಳಿ, ಅಲಸಂದೆಗಳ ವಿಷಯದಲ್ಲಿ ಇದು ನಿಜ. ತಂಗಡಿಗೂ ಅದರ ಹತ್ತಿರದ ನಂಟರಿಗೂ ಇಂಥ ಗಂಟುಗಳು ಇರುವುದಿಲ್ಲ. ಹಾಗಾದರೆ ಗದ್ದೆಗೆ ತಂಗಡಿಯ ಸೊಪ್ಪನ್ನು ತುಳಿಸುವ ಹಳೆಯ ಪದ್ಧತಿ ವ್ಯರ್ಥವೇ? ಅಲ್ಲ. ಗುಡ್ಡದ ಆಳದಿಂದ ಬೇರು ಹೀರಿದ ಸತ್ವವು ಸೊಪ್ಪಿನ ಮೂಲಕ ಗದ್ದೆಯನ್ನು ಸೇರುವುದು, ಸೊಪ್ಪು ಕೊಳೆತು ಮಣ್ಣು ಹಗುರಾಗುವುದು. ಹೊಂಗೆಯ ಸೊಪ್ಪಿನ ಜೊತೆಗೆ ಇದನ್ನೂ ಹೊರೆಕಟ್ಟಿ ತಂದು ಗದ್ದೆಗೆ ಹಾಕುತ್ತಿದ್ದ ರೈತನ ಲೆಕ್ಕ ಸರಿಯಾಗಿಯೇ ಇತ್ತು. ಗುಡ್ಡದಿಂದ ಹೊರುತ್ತಲೇ ಹೋದರೆ ಗುಡ್ಡವು ಬಡವಾಗುವುದೆಂಬುದು ಮಾತ್ರ ನೆನಪಿನಲ್ಲಿರತಕ್ಕ ಮಾತು.

ತಂಗಡಿಯ ದೊಡ್ಡ ಕೀರ್ತಿ ತೊಗಟೆಯದು. ಅದರಲ್ಲಿ ತೂಕಕ್ಕೆ ನೂರರಲ್ಲಿ ಸುಮಾರು 18 ಪಾಲು ಒಗರು ಸತ್ವವಿರುವುದು. ಇದನ್ನೇ ಟ್ಯಾನಿನ್ ಎನ್ನುವರು. ಹಸಿಯ ತೊಗಲನ್ನು ಈ ತೊಗಟೆಯ ನೀರಿನಲ್ಲಿ ನೆನೆಸಿದರೆ ಅದು ಕೊಳೆಯದೆ, ಮೆತ್ತಗೂ ಗಟ್ಟಿಯಾಗಿಯೂ ಇರುವ ಚರ್ಮವಾಗುವುದು. ಪಂಪುಗಳು ಬರುವುದಕ್ಕೆ ಮುಂಚೆ ಬಯಲುಸೀಮೆಯ ಬಾವಿಗಳಲ್ಲಿ ಎತ್ತುಗಳು ಕಪಿಲೆ ಎಳೆದು ನೀರೆತ್ತುತ್ತಿದ್ದುವು. ಆ ಕಪಿಲೆಯ ತೊಗಲಿನ ಬಾನಿಗೂ ರೈತನ ಕಾಲಿನ ಕೆರಕ್ಕೂ ಹದ ಕೊಟ್ಟುದು ಈ ತೊಗಟೆಯೇ. ಊರಿನ ಹೊರಗೆ ಬಾಳುತ್ತ ಈ ಕೆಲಸವನ್ನು ಮಾಡಿದವರ ಶ್ರಮದಿಂದಲೇ ಊರಿನೊಳಗಿನವರ ಗದ್ದೆಗೆ ನೀರು ಹರಿಯಿತು. ಅವರಿಗೆ ಸಲ್ಲತಕ್ಕ ಗೌರವವನ್ನು ಊರು ಸಲ್ಲಿಸಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳತಕ್ಕದ್ದು.

ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸಿನ ಬಂದರಿನಿಂದ ವಿಲಾಯತಿಗೆ ಹೋಗುತ್ತಿದ್ದ ಹದಮಾಡಿದ ಚರ್ಮದ ಹೆಸರಿನ ಹಿಂದೆಯೂ ಇದ್ದುದು ತಂಗಡಿಯ ತೊಗಟೆ. ಈ ಚರ್ಮಕ್ಕೆ ಒಂದು ದೋಷವಿತ್ತು. ಬೆಳಕು ಬಿದ್ದಂತೆ ಅದು ಕೆಂಪಗಾಗುತ್ತಿತ್ತು. ಕೊನೆಯಲ್ಲಿ ಅಳಲೆಕಾಯಿಯ ನೀರಿನಲ್ಲಿ ಅದ್ದಿ ಅದನ್ನು ತಡೆಯುತ್ತಿದ್ದರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ದಕ್ಷಿಣ ಆಫ್ರಿಕದಿಂದ ವಾಟಲ್ ಮರದ ತೊಗಟೆ ಬರತೊಡಗಿತು. ಆಸ್ಟ್ರೇಲಿಯ ಮೂಲದ ಆ ಮರದ ತೊಗಟೆಯಲ್ಲಿ ಒಗರು ಸತ್ವ ಹೆಚ್ಚು. ಮೇಲಾಗಿ ಅದನ್ನು ತೋಟ ಹಾಕಿ ಬೆಳೆಸುತ್ತಿದ್ದರು. ಕಾಡಿನಲ್ಲಿ ಚೂರುಚೂರಾಗಿ ಕೂಡಿಸಿದ ತಂಗಡಿಯು ತೋಟದಲ್ಲಿ ಬೆಳೆದ ವಾಟಲ್‌ನ ಮುಂದೆ ನಿಲ್ಲಲಾರದೆ ಹೋಯಿತು. ಅಷ್ಟರಲ್ಲಿ ಕ್ರೋಮ್ ಲವಣದಿಂದ ಚರ್ಮ ಹದಮಾಡುವ ಹೊಸ ವಿಧಾನವೂ ಬಂತು. 1903ರಲ್ಲಿ ಮದರಾಸಿನಲ್ಲಿ ಅದಕ್ಕೆ ಚಾಲನೆ ಕೊಟ್ಟ ಆಲ್ಫ್ರೆಡ್ ಚಾಟರ್ಟನ್ನರು ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾದರು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸವು ಕೆಲವೇ ದಿನಗಳಿಗೆ ಇಳಿಯಿತು. ಇಂದು ಲೋಕದ ಬಹುಪಾಲು ಚರ್ಮವು ಕ್ರೋಮಿನಿಂದಲೇ ಹದಗೊಳ್ಳುವುದು.

ಇವುಗಳಿಗೆ ನಾವು ಕೊಟ್ಟ ಬೆಲೆಯನ್ನೂ ನೋಡಬೇಕು. ವಾಟಲ್ ಮರವನ್ನು ನೀಲಗಿರಿ, ಪಳನಿಯ ಬೆಟ್ಟಗಳಲ್ಲಿ ನೆಟ್ಟರು. ಅದು ಹಬ್ಬಿ ಅಲ್ಲಿಯ ಹುಲ್ಲುಗಾವಲುಗಳನ್ನು ನುಂಗಿತು. ತಮಿಳುನಾಡಿನ ಪಾಲಾರ್ ನದಿಯ ಕಣಿವೆಯಲ್ಲಿ ಚರ್ಮದ ಕಾರ್ಖಾನೆಗಳ ಕೊಳೆನೀರು ಹೊಲಬಾವಿಗಳನ್ನು ಕೆಡಿಸಿತು. ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಕೊಟ್ಟ ತೀರ್ಪು, ನೀರು ಕೆಡಿಸಿದವರೇ ಅದರ ವೆಚ್ಚವನ್ನು ತೆರಬೇಕೆಂಬ ನ್ಯಾಯವನ್ನು ಎತ್ತಿಹಿಡಿದುದಕ್ಕಾಗಿ ಪ್ರಸಿದ್ಧವಾಗಿದೆ. ತೊಗಟೆಯಿಂದ ಹದಮಾಡಿದರೆ ಕೊಳೆನೀರೇ ಇರುವುದಿಲ್ಲವೆಂದು ನಾವು ಹೇಳುವುದಿಲ್ಲ. ಅದೂ ಇರುವುದು, ಅದನ್ನೂ ಶುದ್ಧಮಾಡಬೇಕು. ಆದರೆ ಕ್ರೋಮ್ ಸೋಕದ ಚರ್ಮವನ್ನು ಕೇಳಿ ಕೊಳ್ಳುವವರು ಈಗ ಮತ್ತೆ ಇದ್ದಾರೆ. ಗಿರಾಕಿ ಬಂದಾಗ ಅಂಗಡಿಯಲ್ಲಿ ಸರಕು ಇರಬೇಕಷ್ಟೆ.

ಹಬ್ಬಹುಣ್ಣಿಮೆಗಳಲ್ಲಿಯೂ ತಂಗಡಿಗೆ ಸ್ಥಾನವುಂಟು. ತೆಲಂಗಾಣದಲ್ಲಿ ಮಹಾಲಯ ಅಮಾವಾಸ್ಯೆಯಿಂದ ದುರ್ಗಾಷ್ಟಮಿಯವರೆಗೆ ಹೆಂಗಸರು ಹೂಗಳನ್ನು ಗೋಪುರದಂತೆ ಜೋಡಿಸಿ, ಸುತ್ತ ಕೈತಟ್ಟಿ ಹಾಡುವ ಬತುಕಮ್ಮ ಹಬ್ಬದಲ್ಲಿ ತಂಗಡಿಯ ಹೂವೇ ಪ್ರಧಾನ. 2014ರಲ್ಲಿ ರಚಿತವಾದ ಆ ರಾಜ್ಯವು ಇದನ್ನೇ ತನ್ನ ರಾಜ್ಯಪುಷ್ಪವೆಂದು ಆರಿಸಿಕೊಂಡಿತು. ತಮಿಳುನಾಡಿನ ಕೊಂಗು ಸೀಮೆಯಲ್ಲಿ ಪೊಂಗಲಿನ ಮುನ್ನಾದಿನ ಬೇವಿನ ಸೊಪ್ಪಿನೊಡನೆ ಆವಾರೈಯ ಹೂವನ್ನು ಮನೆಯ ಸೂರಿಗೆ ಸಿಕ್ಕಿಸುವರು. ನಮ್ಮ ಬಯಲುಸೀಮೆಯ ಕೆಲವು ಊರುಗಳಲ್ಲಿಯೂ ದೀಪಾವಳಿಯ ಹೊತ್ತಿಗೆ ಸಗಣಿಯ ಗುಂಡುಗಳಿಗೆ ಹೊಲದ ಹೂಗಳನ್ನು ಸಿಕ್ಕಿಸಿ ಹೊಸ್ತಿಲಲ್ಲಿ ಇಡುವ ಪದ್ಧತಿಯುಂಟು. ಆ ಹೂಗಳಲ್ಲಿ ತಂಗಡಿಯೂ ಒಂದು. ಒಣಗಿಸಿದ ಹೂವನ್ನು ಕಡಲೆಹಿಟ್ಟಿನೊಡನೆ ಪುಡಿಮಾಡಿ ಎಣ್ಣೆಸ್ನಾನದಲ್ಲಿ ಮೈಗೆ ತಿಕ್ಕಿಕೊಳ್ಳುವುದು ಅನೇಕ ಮನೆಗಳಲ್ಲಿ ರೂಢಿಯಾಗಿದೆ.

ಔಷಧಿಯ ವಿಷಯದಲ್ಲಿ ನಮ್ಮ ಗೃಹಿಣಿಯರಿಗೂ ಗೃಹಸ್ಥರಿಗೂ ಸ್ವಲ್ಪ ಬಿಚ್ಚುಮನಸ್ಸಿನಿಂದ ಹೇಳಬೇಕಾಗಿದೆ. ಆವಾರೈ ಹೂಬಿಟ್ಟ ಊರಿನಲ್ಲಿ ಸಾವೇ ಇಲ್ಲವೆಂಬ ಅರ್ಥದ ಗಾದೆಯು ತಮಿಳಿನಲ್ಲಿದೆ. ಸಿಂಹಳದ್ವೀಪದಲ್ಲಿ ಇದರ ಹೂವೆಲೆಗಳನ್ನು ರಣವರಾ ಎಂಬ ಹೆಸರಿನಿಂದ ಚಹದಂತೆ ಕಾಯಿಸಿ ಕುಡಿಯುವರು. ಮಧುಮೇಹಕ್ಕೆ ಇದರ ಬೇರು, ತೊಗಟೆ, ಎಲೆ, ಹೂ, ಬೀಜ ಐದನ್ನೂ ಕೂಡಿಸಿದ ಪಂಚಾಂಗ ಚೂರ್ಣವು ಪೇಟೆಯಲ್ಲಿ ದೊರೆಯುವುದು. ಪ್ರಯೋಗಶಾಲೆಯ ಇಲಿಗಳಲ್ಲಿ ಹೂವಿನ ಸತ್ವವು ರಕ್ತದ ಸಕ್ಕರೆಯನ್ನು ಇಳಿಸಿದುದು ನಿಜ. ಆದರೆ ಇಲಿಗೆ ಹಿಡಿದ ಮದ್ದು ಮನುಷ್ಯನಿಗೂ ಹಿಡಿಯುವುದೆಂದು ಅಷ್ಟರಿಂದಲೇ ಸಿದ್ಧವಾಗುವುದಿಲ್ಲ. ಸಿಂಹಳದ ವಿಜ್ಞಾನಿಗಳು 1981ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಯಕೃತ್ತಿಗೆ ಕೇಡುಮಾಡಬಲ್ಲ ಒಂದು ಬಗೆಯ ಕ್ಷಾರಸತ್ವವು ಈ ಗಿಡದಲ್ಲಿಯೂ ಇದೆಯೆಂದು ತಿಳಿಸಿರುವರು. ಈ ಕಾರಣದಿಂದ ವೈದ್ಯರು ಕೊಟ್ಟ ಮಾತ್ರೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ಬಿಟ್ಟು, ತಂಗಡಿಯ ಕಷಾಯವನ್ನು ನಂಬಿ ಕುಳಿತುಕೊಳ್ಳುವುದು ಪ್ರಾಣಕ್ಕೇ ಅಪಾಯ. ಮಾತ್ರೆಯ ಜೊತೆಗೆ ಕಷಾಯವನ್ನು ಕುಡಿಯುವವರು ಆ ಸಂಗತಿಯನ್ನು ವೈದ್ಯರಿಂದ ಮುಚ್ಚಿಡಬಾರದು. ಗರ್ಭಿಣಿಯರಿಗೂ ಮಕ್ಕಳಿಗೂ ಕೊಡುವ ಮಾತೇ ಬೇಡ. ಮೈಗೆ ತಿಕ್ಕುವ ಪುಡಿಯೇ ಬೇರೆ, ಹೊಟ್ಟೆಗೆ ಇಳಿಸುವ ಮದ್ದೇ ಬೇರೆ.

ಇಷ್ಟು ಉಪಯೋಗವುಳ್ಳ ಗಿಡವು ತಾನಾಗಿಯೇ ಬೆಳೆಯುತ್ತಿರುವಾಗ ಬಿತ್ತುವುದೇಕೆಂದು ವಾಚಕರು ಕೇಳಬಹುದು. ಅದು ತಾನಾಗಿ ಬೆಳೆಯುತ್ತಿದ್ದ ನೆಲವು ಕರಗುತ್ತಿದೆಯೆಂಬುದೇ ಉತ್ತರ. ಗೋಮಾಳಗಳು ನಿವೇಶನಗಳಾದುವು, ಗುಡ್ಡಗಳು ಕಲ್ಲಿನ ಗಣಿಗಳಾದುವು, ಬದುಗಳು ನೇಗಿಲಿಗೂ ಟ್ರಾಕ್ಟರಿಗೂ ಸವೆದುವು, ಹಾದಿಗಳು ಅಗಲವಾದುವು. ಇತ್ತ ಹೂವಿಗೂ ಚೂರ್ಣಕ್ಕೂ ಗಿರಾಕಿಗಳಿರುವರು. ಪಂಚಾಂಗವೆಂದರೆ ಬೇರೂ ಸೇರಿತು; ಬೇರು ಕಿತ್ತ ಗಿಡ ಮತ್ತೆ ಚಿಗುರುವುದಿಲ್ಲ. ಹೂವನ್ನೆಲ್ಲ ಬಿಡಿಸಿದರೆ ಕಾಯಿಲ್ಲ, ಕಾಯಿಲ್ಲದಿದ್ದರೆ ಬೀಜವಿಲ್ಲ. ಬಿತ್ತುವವರಿಲ್ಲದೆ ಕೊಯ್ಯುವವರು ಮಾತ್ರ ಇರುವ ಬೆಳೆಯ ಗತಿ ಏನೆಂಬುದನ್ನು ಒಕ್ಕಲಿನ ಮನೆಯವರಿಗೆ ವಿವರಿಸಬೇಕೆ?

ಇದರ ಸೋದರಿಯಾದ ಸೋನಾಮುಖಿಯ ಉದಾಹರಣೆ ನಮ್ಮ ಕಣ್ಣೆದುರಿಗಿದೆ. ಅದೂ ಹಳದಿ ಹೂವಿನ ಒಣಸೀಮೆಯ ಗಿಡವೇ. ತಮಿಳುನಾಡಿನ ತಿರುನೆಲ್ವೇಲಿಯ ರೈತರು ಅದನ್ನು ಹೊಲದಲ್ಲಿ ಬಿತ್ತಿ ಬೆಳೆದರು. ಮಲವನ್ನು ಸಡಿಲಿಸುವ ಅದರ ಎಲೆಯೂ ಕಾಯಿಯೂ ಆ ಊರಿನ ಹೆಸರಿನಿಂದಲೇ ದೇಶಾಂತರಗಳ ಔಷಧದ ಅಂಗಡಿಗಳಲ್ಲಿ ಮಾರಲ್ಪಟ್ಟುವು. ಬಿತ್ತಿದ ಗಿಡಕ್ಕೆ ಊರಿನ ಹೆಸರು ಬಂತು. ಬಿತ್ತದ ತಂಗಡಿಗೆ ಹೊರೆಯ ಲೆಕ್ಕದ ಬೆಲೆ ಮಾತ್ರ ಉಳಿಯಿತು.

ಬಿತ್ತುವ ಕ್ರಮವು ಕಷ್ಟದ್ದೇನೂ ಅಲ್ಲ. ಗಿಡದ ಮೇಲೆಯೇ ಕಂದುಬಣ್ಣಕ್ಕೆ ತಿರುಗಿ ಒಣಗಿದ ಕಾಯಿಗಳನ್ನು ಬಿಡಿಸಿ, ಬಡಿದು, ಕೇರಿ, ಹುಳು ಕೊರೆದ ಬೀಜಗಳನ್ನು ಬೇರೆಮಾಡಬೇಕು. ಒಂದು ಗಿಡದ ಕಾಯಿಗಳನ್ನೆಲ್ಲ ಬಿಡಿಸಬಾರದು. ಅರ್ಧವನ್ನಾದರೂ ಅಲ್ಲಿಯೇ ಉದುರಲು ಬಿಡಬೇಕು. ಬೀಜದ ಸಿಪ್ಪೆ ಬಹಳ ಗಟ್ಟಿ. ಹಾಗೆಯೇ ಬಿತ್ತಿದರೆ ಕೆಲವು ಈ ಮಳೆಗೆ, ಕೆಲವು ಮುಂದಿನ ಮಳೆಗೆ ಮೊಳೆಯುವುವು. ಎಲ್ಲವೂ ಒಟ್ಟಿಗೆ ಮೊಳೆಯಬೇಕಾದರೆ ನೀರನ್ನು ಕುದಿಸಿ, ಒಲೆಯಿಂದ ಇಳಿಸಿ, ಕುದಿ ಅಡಗಿದ ಮೇಲೆ ಬೀಜವನ್ನು ಅದಕ್ಕೆ ಹಾಕಿ ರಾತ್ರಿಯೆಲ್ಲ ನೆನೆಯಬಿಡತಕ್ಕದ್ದು. ಬೀಜದೊಡನೆ ನೀರನ್ನು ಕುದಿಸಬಾರದು, ಬೀಜ ಬೆಂದುಹೋಗುವುದು. ಕೆಲವೇ ಬೀಜಗಳಿದ್ದರೆ ಒರಟು ಮರಳಿನೊಡನೆ ಉಜ್ಜಿ ಸಿಪ್ಪೆಯನ್ನು ಸವೆಸಿದರೂ ಸಾಕು. ಬೆಳಗಾಗುವಷ್ಟರಲ್ಲಿ ಉಬ್ಬಿದ ಬೀಜಗಳು ಬಿತ್ತನೆಗೆ ಸಿದ್ಧವೆಂದು ತಿಳಿಯಬೇಕು.

ಮುಂಗಾರಿನ ಮೊದಲ ಹದಮಳೆ ಬಿದ್ದ ಕೂಡಲೆ ಬಿತ್ತನೆ. ತಾಯಿಬೇರು ಎಳೆಯದರಲ್ಲಿಯೇ ಆಳಕ್ಕಿಳಿಯುವುದರಿಂದ, ಕಿತ್ತು ನೆಡುವುದಕ್ಕಿಂತ ಇರಬೇಕಾದ ಜಾಗದಲ್ಲಿಯೇ ಬೀಜವನ್ನಿಡುವುದು ಮೇಲು. ಬದುವಿನ ಉದ್ದಕ್ಕೂ ಒಂದೊಂದು ಮಾರು ಅಂತರದಲ್ಲಿ ನೆಲವನ್ನು ಗುದ್ದಲಿಯಿಂದ ಸಡಿಲಿಸಿ, ಒಂದೊಂದು ಗುಣಿಗೂ ಮೂರುನಾಲ್ಕು ಬೀಜಗಳನ್ನು ಬೆರಳಿನ ಅರ್ಧ ಗೆಣ್ಣಿನಷ್ಟು ಆಳದಲ್ಲಿ ಇಟ್ಟು ಮಣ್ಣು ಮುಚ್ಚಬೇಕು. ಸಸಿಗಳು ಗೇಣುದ್ದವಾದಾಗ ಗಟ್ಟಿಯಾದ ಒಂದನ್ನು ಉಳಿಸಿ ಮಿಕ್ಕವನ್ನು ತೆಗೆಯಬಹುದು. ಮೊದಲನೆಯ ವರ್ಷ ಒಂದೆರಡು ಸಲ ಕಳೆ ತೆಗೆಯುವುದು, ಆಡುಗಳು ತುಳಿಯದಂತೆ ಮುಳ್ಳು ಹಾಕುವುದು, ಆರೈಕೆಯೆಂದರೆ ಇಷ್ಟೆ. ನೀರು ನಿಲ್ಲುವ ತಗ್ಗು ಇದಕ್ಕೆ ಆಗದು. ಫಲವತ್ತಾದ ಹೊಲದ ನಡುವೆ ಇದನ್ನು ಬಿತ್ತಿರೆಂದು ನಾವು ಹೇಳುವುದಿಲ್ಲ; ರಾಗಿಯ ನೆಲ ರಾಗಿಗೇ ಇರಲಿ. ಬದು, ಕೃಷಿಹೊಂಡದ ಅಂಚು, ಹಿತ್ತಿಲ ಬೇಲಿ, ಶಾಲೆಯ ಆವರಣ, ಕಲ್ಲು ತುಂಬಿದ ಮೂಲೆ, ಬೇರೇನೂ ಬೆಳೆಯದ ಇಂಥ ನೆಲವೇ ತಂಗಡಿಗೆ ಸಾಕು. ಪಟ್ಟಣದ ವಾಚಕರು ಬಿಸಿಲು ಬೀಳುವ ಕಾಂಪೌಂಡಿನ ಪಕ್ಕದಲ್ಲಿ ಒಂದೆರಡು ಗಿಡಗಳನ್ನು ಬೆಳೆಸಿದರೂ ದುಂಬಿ ಚಿಟ್ಟೆಗಳಿಗೆ ಅನ್ನ ಇಟ್ಟಂತಾಯಿತು.

ಕೊಯ್ಲಿಗೂ ನಿಯಮವಿರಲಿ. ತೊಗಟೆ ಬೇಕಾದವರು ನಿಂತ ಗಿಡವನ್ನು ಸುಲಿಯಬಾರದು. ಸುಲಿದ ಕೊಂಬೆ ಒಣಗುವುದು. ಎರಡು ಮೂರು ವರ್ಷದ ಗಿಡದ ಕೊಂಬೆಗಳನ್ನು ನೆಲದಿಂದ ಗೇಣು ಬಿಟ್ಟು ಹರಿತವಾದ ಕತ್ತಿಯಿಂದ ಕಡಿದು, ಕಡಿದ ಕೊಂಬೆಯಿಂದ ತೊಗಟೆಯನ್ನು ಬಿಡಿಸಬೇಕು. ಬುಡವು ಮುಂದಿನ ಮಳೆಗೆ ಮತ್ತೆ ಚಿಗುರುವುದು. ಉಳಿದ ಕೋಲುಗಳು ಒಲೆಗಾದುವು, ಸೊಪ್ಪು ಗೊಬ್ಬರಕ್ಕಾಯಿತು. ಹೂ ಬಿಡಿಸುವವರು ಒಂದು ಗೊಂಚಲು ತೆಗೆದು ಒಂದನ್ನು ಬಿಡಲಿ. ಬೇರನ್ನು ಯಾರೂ ಮುಟ್ಟದಿರಲಿ.

ನೀರು ಕೇಳದ, ಕಾವಲು ಕೇಳದ, ಬರಗಾಲದಲ್ಲಿಯೂ ಹಳದಿ ಹೂವನ್ನು ಹೊತ್ತು ನಿಲ್ಲುವ ಈ ಗಿಡವು ನಮ್ಮಿಂದ ಇಂದಿನವರೆಗೆ ಏನನ್ನೂ ಬೇಡಿಲ್ಲ. ಈಗ ಅದಕ್ಕೆ ಬೇಕಾಗಿರುವುದು ಒಂದು ಹಿಡಿ ಬೀಜವನ್ನು ನೆನೆಸುವಷ್ಟು ಬಿಸಿನೀರು, ಮುಂಗಾರಿನ ಒಂದು ಬೆಳಗಿನ ಶ್ರಮ. ದೀಪಾವಳಿ ಕಳೆದ ಮೇಲೆ ಕಾಯಿಗಳು ಒಣಗುತ್ತ ಬರುವುವು. ನಮ್ಮ ವಾಚಕರು ಹೊಲದ ಕಡೆಗೆ ಹೋದಾಗ ಒಂದು ಬಟ್ಟೆಯ ಚೀಲವನ್ನು ಜೊತೆಯಲ್ಲಿ ಒಯ್ದು, ಮಕ್ಕಳ ಕೈಯಿಂದಲೇ ಬೀಜವನ್ನು ಕೂಡಿಸಿ, ಬೇಳೆಯ ಡಬ್ಬಿಗಳಿಗೆ ದೂರವಾಗಿ, ಹೆಸರು ಬರೆದು, ಮುಂದಿನ ಮಳೆಯವರೆಗೆ ಜೋಪಾನವಾಗಿ ಇಟ್ಟುಕೊಳ್ಳುವರೆಂದು ನಾವು ನಂಬಿರುವೆವು.